ಲೂಡೋ ದಾಳ ಹಿಡಿದು ಒಬ್ಬರೇ ಕಥೆಯಾಟ

ಪ್ರಶ್ನೆ: ರೋಲ್-ಪ್ಲೇಯಿಂಗ್ ಗೇಮ್ (ಒಂದೊಂದು ಪಾತ್ರ ವಹಿಸಿ ಕಥೆ ಕಟ್ಟುವ ಆಟ) ಆಡಲು ಜೊತೆ ಸಿಗುತ್ತಿಲ್ಲ. ಒಬ್ಬಳೇ ಆಡಬಹುದಂತೆ. ಆಟ ನಡೆಸಿಕೊಡುವ ಗೇಮ್ ಮಾಸ್ಟರ್ ಇಲ್ಲದೆ ಕಥೆ ನಡೆಯುವುದು ಹೇಗೆ? ಏನೇನು ಕೊಳ್ಳಬೇಕು? – ಓದುಗರು, ಡೊಂಬಿವಲಿ

ಉತ್ತರ: ಸದ್ಯಕ್ಕೆ ಏನೂ ಬೇಡ. ಲೂಡೋದ ಎರಡು ದಾಳ, 100 ಪುಟದ ನೋಟ್‌ಬುಕ್, ಪೆನ್ಸಿಲ್ ಸಾಕು. ಗೇಮ್ ಮಾಸ್ಟರ್ ಹೇಳಬೇಕಾದ್ದನ್ನು ದಾಳದ ಹತ್ತಿರ ಕಣಿ ಕೇಳುತ್ತೀರಿ. ಆಟಗಾರರು ಇದಕ್ಕೆ ಓರಾಕಲ್ ಎನ್ನುತ್ತಾರೆ. ಹೌದು-ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಕೇಳಿ ಒಂದು ದಾಳ ಹಾಕಿ. 1 ಬಿದ್ದರೆ ಇಲ್ಲ, ಸಾಲದ್ದಕ್ಕೆ ಇನ್ನೊಂದು ಕೇಡು. 2 ಬರೀ ಇಲ್ಲ. 3 ಇಲ್ಲ, ಆದರೂ ಸಣ್ಣ ಆಸರೆ. 4 ಹೌದು, ಆದರೆ ಒಂದು ತೊಡಕು. 5 ಹೌದು. 6 ಹೌದು, ಮೇಲೊಂದು ಲಾಭ.

ನಿಮ್ಮ ಪಾತ್ರ ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಚೋರ್ಲಾ ಘಾಟಿಯತ್ತ ಹೊರಟ ವ್ಯಾಪಾರಿ ಎನ್ನಿ. ‘ಹೊಳೆ ದಾಟಲು ದೋಣಿ ಇದೆಯೇ?’ 4 ಬಿತ್ತು. ಇದೆ, ಆದರೆ ಅಂಬಿಗ ಕೂಲಿಗೆ ಅರ್ಧ ಮೂಟೆ ಉಪ್ಪು ಕೇಳುತ್ತಾನೆ. ಕಥೆ ಹುಟ್ಟುವುದೇ ಈ 3, 4ರಲ್ಲಿ.

ದೋಣಿ ಇರುವ ಸಂಭವ ಹೆಚ್ಚು ಅನಿಸಿದರೆ ಎರಡೂ ದಾಳ ಹಾಕಿ ದೊಡ್ಡದನ್ನು ಹಿಡಿಯಿರಿ: ‘ಹೌದು’ ಬರುವ ಸಾಧ್ಯತೆ ನೂರಕ್ಕೆ 50ರಿಂದ 75ಕ್ಕೇರುತ್ತದೆ. ಚಿಕ್ಕದನ್ನು ಹಿಡಿದರೆ 25ಕ್ಕಿಳಿಯುತ್ತದೆ.

ಪ್ರಶ್ನೆ: ಉತ್ಸಾಹದಿಂದ ಶುರು ಮಾಡುತ್ತೇನೆ, ಮೂರನೇ ದಿನಕ್ಕೆ ಬೇಸರ. ತಪ್ಪೆಲ್ಲಿ? – ಓದುಗರು, ಪುಣೆ

ಉತ್ತರ: ಬಹುಶಃ ದಾಳವನ್ನು ಅತಿಯಾಗಿ ಕೇಳುತ್ತಿದ್ದೀರಿ. ಬಾಗಿಲಿಗೆ ಬೀಗ ಇದೆಯೇ, ತುಕ್ಕು ಹಿಡಿದಿದೆಯೇ, ಕೀಲಿ ಹತ್ತಿರದಲ್ಲಿದೆಯೇ ಎಂದು ಕೇಳುತ್ತ ಹೋದರೆ ಬಾಗಿಲೇ ತೆರೆಯುವುದಿಲ್ಲ. ಒಂದು ದೃಶ್ಯಕ್ಕೆ ಮೂರೇ ಪ್ರಶ್ನೆ, ಅದೂ ಉತ್ತರ ಯಾವ ಕಡೆ ಬಿದ್ದರೂ ಕಥೆ ತಿರುಗುವಂಥದ್ದು. ಉಳಿದದ್ದನ್ನು ನೀವೇ ನಿರ್ಧರಿಸಿ. ಹಿಡಿಸದ ಗರ ಬಿತ್ತೆಂದು ಮತ್ತೆ ಹಾಕುವ ಚಾಳಿ ಬೇಡ. ಒಮ್ಮೆ ಹಾಗೆ ಮಾಡಿದರೆ ಮುಂದಿನ ಯಾವ ಅಪಾಯಕ್ಕೂ ಎದೆ ಹೊಡೆದುಕೊಳ್ಳುವುದಿಲ್ಲ.

ಕಾದಂಬರಿಯಂತೆ ಪುಟಗಟ್ಟಲೆ ಬರೆದರೂ ದಣಿವಾಗುತ್ತದೆ. ದೃಶ್ಯಕ್ಕೆ ಮೂರು ಸಾಲು: ಏನು ಬೇಕಿತ್ತು, ಏನಾಯಿತು, ಏನು ಉಳಿಯಿತು. ಕೊನೆಯ ಪುಟದಲ್ಲಿ ಎರಡು ಪಟ್ಟಿ ಇರಲಿ, ಬಗೆಹರಿಯದ ಎಳೆಗಳದ್ದು ಮತ್ತು ಭೇಟಿಯಾದವರದ್ದು, ತಲಾ ಆರು ಸಾಲು. ಕಥೆ ನಿಂತಾಗ ಎರಡೂ ಪಟ್ಟಿಗೆ ಒಂದೊಂದು ದಾಳ ಹಾಕಿ, ಬಂದ ವ್ಯಕ್ತಿಯನ್ನು ಬಂದ ಎಳೆಗೆ ಗಂಟು ಹಾಕಿ.

ಪ್ರಶ್ನೆ: ಒಬ್ಬರೇ ಆಡಬಹುದಾದ ಐರನ್‌ಸ್ವೋರ್ನ್ ಎಂಬ ಕಥೆಯಾಟಕ್ಕೆ ಹತ್ತು ಮುಖದ ದಾಳ ಬೇಕಂತೆ. ಇಲ್ಲಿ ಸಿಗುತ್ತಿಲ್ಲ. – ಓದುಗರು, ವಾಸ್ಕೊ

ಉತ್ತರ: ಇಸ್ಪೀಟು ಎಲೆ ಸಾಕು. ಆಠೀನಿನ ಎಕ್ಕದಿಂದ 10ರವರೆಗೆ ಒಂದು ಕಟ್ಟು, ಇಸ್ಪೀಟಿನದು ಇನ್ನೊಂದು. ಎರಡರಿಂದಲೂ ಒಂದೊಂದು ಎಲೆ ತೆಗೆಯಿರಿ, ಪ್ರತಿ ಸಲ ವಾಪಸಿಟ್ಟು ಕಲೆಸಿ. ಆರು ಮುಖದ ದಾಳ ಹಾಕಿ, ಬಿದ್ದ ಗರಕ್ಕೆ ಪಾತ್ರದ ಗುಣದ (ಚುರುಕು, ಬಲ ಮುಂತಾದ) ಅಂಕ ಸೇರಿಸಿ. ಮೊತ್ತ ಎರಡೂ ಎಲೆ ಮೀರಿದರೆ ಪೂರ್ಣ ಗೆಲುವು, ಒಂದನ್ನು ಮೀರಿದರೆ ಬೆಲೆ ತೆತ್ತ ಗೆಲುವು, ಯಾವುದನ್ನೂ ಮೀರದಿದ್ದರೆ ಸೋಲು. ಸಮವಾದರೆ ಮೀರಿದಂತಲ್ಲ, ಹೊಸಬರು ಇಲ್ಲೇ ಎಡವುವುದು. 2018ರ ಈ ಆಟದ ನಿಯಮಪುಸ್ತಕದ ಪಿಡಿಎಫ್ ಉಚಿತ.

ಪ್ರಶ್ನೆ: ಲೋಕಲ್ ರೈಲಿನಲ್ಲಿ ದಾಳ ಹಾಕುವುದೆಲ್ಲಿ? – ಓದುಗರು, ವಸಯಿ

ಉತ್ತರ: ಪಾರದರ್ಶಕ ಮಾತ್ರೆ ಡಬ್ಬಿಯಲ್ಲಿ ದಾಳವಿಟ್ಟು ಮುಚ್ಚಿ, ಅಲ್ಲಾಡಿಸಿ ನೋಡಿ. ಬರವಣಿಗೆ ಮನೆಗೆ ಬಂದಮೇಲೆ.