ವೆಬ್‌ಹುಕ್ ಇರಲಿ, ಮನೆಯಲ್ಲಿ ಬೇಡ

ಪ್ರಶ್ನೆ: ನಮ್ಮ ಹೋಮ್‌ಸ್ಟೇಗೆ ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗಳಲ್ಲಿ ಬರುವ ಕಮೆಂಟ್‌ಗಳನ್ನೂ ಟೆಲಿಗ್ರಾಂ ಬಾಟ್‌ಗೆ ಬರುವ ಸಂದೇಶಗಳನ್ನೂ ಒಂದೆಡೆ ಸೇರಿಸುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಅದು ಮನೆಯ ಕಂಪ್ಯೂಟರಿನಲ್ಲೇ ಓಡಬೇಕು. ವೆಬ್‌ಹುಕ್ ಬಳಸಲೇ, ಪೋಲಿಂಗ್ ಬಳಸಲೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಹೊಸ ಕಮೆಂಟ್ ಬಂದೊಡನೆ ಆ ತಾಣದ ಸರ್ವರೇ ನಿಮ್ಮ ವಿಳಾಸಕ್ಕೆ ಸುದ್ದಿ ಮುಟ್ಟಿಸುವುದು ವೆಬ್‌ಹುಕ್, ‘ಹೊಸತೇನಾದರೂ ಇದೆಯೇ’ ಎಂದು ನೀವೇ ಆಗಾಗ ಹೋಗಿ ಕೇಳುವುದು ಪೋಲಿಂಗ್. ಯಾವುದು ಬೇಗ ಎನ್ನುವುದಕ್ಕಿಂತ, ಕಕ್ಕಡ ತಿಂಗಳ ಮಳೆಗೆ ತಂತಿಯ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿರುವಾಗ ಆ ಸುದ್ದಿ ಎಲ್ಲಿ ಕಾದಿರುತ್ತದೆ ಎಂಬುದನ್ನು ಕೊಡಗಿನಲ್ಲಿರುವವರು ಮೊದಲು ಯೋಚಿಸಬೇಕು.

ಇನ್‌ಸ್ಟಾಗ್ರಾಂನ ವೆಬ್‌ಹುಕ್ ನಿಮ್ಮ ಸರ್ವರ್ ಓಗೊಡದಿದ್ದರೆ 36 ಗಂಟೆಗಳವರೆಗೆ, ಬರಬರುತ್ತ ಅಂತರ ಹೆಚ್ಚಿಸಿಕೊಂಡು, ಮತ್ತೆ ಪ್ರಯತ್ನಿಸಿ ಆಮೇಲೆ ಕೈಬಿಡುತ್ತದೆ. ಟೆಲಿಗ್ರಾಂ ಸಂದೇಶಗಳನ್ನು ಕಾದಿಡುವುದು 24 ಗಂಟೆ ಮಾತ್ರ. ಅಲ್ಲಿ ವೆಬ್‌ಹುಕ್ ಇಟ್ಟರೆ ಪೋಲಿಂಗ್ ನಡೆಯುವುದೂ ಇಲ್ಲ. ಮೇಲಾಗಿ ವೆಬ್‌ಹುಕ್‌ಗೆ ಹೊರಗಿನಿಂದ ತಲುಪಬಹುದಾದ ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕದ) ವಿಳಾಸ ಬೇಕು. ಮೊಬೈಲ್ ಡಾಟಾದಲ್ಲಿ ನಡೆಯುವ ಮನೆಯ ಕಂಪ್ಯೂಟರಿಗೆ ಸಾಮಾನ್ಯವಾಗಿ ಅದು ಇರುವುದಿಲ್ಲ.

ಯೂಟ್ಯೂಬ್‌ನಲ್ಲಿ ಆಯ್ಕೆಯ ಪ್ರಶ್ನೆಯೇ ಬರುವುದಿಲ್ಲ. ಅದು ತಾನಾಗಿ ತಿಳಿಸುವುದು ಹೊಸ ವಿಡಿಯೊ ಬಂದಾಗ ಮತ್ತು ಶೀರ್ಷಿಕೆಯೋ ವಿವರಣೆಯೋ ಬದಲಾದಾಗ ಮಾತ್ರ. ಕಮೆಂಟ್‌ಗಳಿಗೆ ಪೋಲಿಂಗೇ ಗತಿ. ಹೀಗೆ ಕೇಳಲು ಯೂಟ್ಯೂಬ್ ಕೊಡುವ ದಿನದ ಕೋಟಾ ಸಾಮಾನ್ಯವಾಗಿ 10,000 ಯೂನಿಟ್, ಕಮೆಂಟ್ ಪಟ್ಟಿಯನ್ನು ಒಮ್ಮೆ ತರಿಸಲು 1 ಯೂನಿಟ್. ಹತ್ತು ವಿಡಿಯೊಗಳನ್ನು ಬೇರೆಬೇರೆಯಾಗಿ ನಿಮಿಷಕ್ಕೊಮ್ಮೆ ಕೇಳಿದರೆ ದಿನಕ್ಕೆ 14,400 ಯೂನಿಟ್ ಬೇಕಾಗಿ ಹದಿನೇಳು ಗಂಟೆಯೊಳಗೇ ಕೋಟಾ ಮುಗಿಯುತ್ತದೆ. ಇಡೀ ಚಾನೆಲ್‌ನ ಕಮೆಂಟ್‌ಗಳನ್ನು ಒಟ್ಟಿಗೆ, ಐದು ನಿಮಿಷಕ್ಕೊಮ್ಮೆ ಕೇಳಿದರೆ 288 ಸಾಕು. ಹೋಮ್‌ಸ್ಟೇಯ ವ್ಯವಹಾರಕ್ಕೆ ಅದಕ್ಕಿಂತ ಅವಸರವೇನೂ ಇರಲಾರದು.

ಆದ್ದರಿಂದ ಇನ್‌ಸ್ಟಾಗ್ರಾಂ ಮತ್ತು ಟೆಲಿಗ್ರಾಂ ವೆಬ್‌ಹುಕ್‌ಗಳನ್ನು ಸ್ವೀಕರಿಸುವ ಸಣ್ಣ ಪ್ರೋಗ್ರಾಂ ಒಂದನ್ನು ಬಾಡಿಗೆಯ ಕ್ಲೌಡ್ ಸರ್ವರಿನಲ್ಲಿಡಿ. ಇನ್‌ಸ್ಟಾಗ್ರಾಂನಿಂದ ಬಂದದ್ದರ ಸಹಿಯನ್ನು ಆ್ಯಪ್‌ನ ಗುಪ್ತ ಕೀಲಿಯಿಂದ ಪರಿಶೀಲಿಸಿ, ಬಂದದ್ದನ್ನು ಸರದಿಗೆ ಸೇರಿಸಿ, ತಕ್ಷಣ 200 (‘ತಲುಪಿತು’ ಎಂಬ ಸಂಕೇತ) ಎಂದು ಉತ್ತರಿಸುವುದಷ್ಟೇ ಅದರ ಕೆಲಸ. ಮನೆಯ ಕಂಪ್ಯೂಟರ್ ಕರೆಂಟ್ ಬಂದಾಗ ಆ ಸರದಿಯನ್ನು ಖಾಲಿ ಮಾಡಿಕೊಳ್ಳಲಿ. ದಿನಕ್ಕೊಮ್ಮೆ ಇನ್‌ಸ್ಟಾಗ್ರಾಂನ ಇತ್ತೀಚಿನ ಪೋಸ್ಟ್‌ಗಳ ಕಮೆಂಟ್‌ಗಳನ್ನು ಪೋಲಿಂಗ್ ಮೂಲಕವೂ ತರಿಸಿ ತಾಳೆ ನೋಡಿ. ಆಗ, ಹಾಗೂ ಮರುಪ್ರಯತ್ನದಿಂದಲೂ, ಒಂದೇ ಕಮೆಂಟ್ ಎರಡು ಬಾರಿ ಬರುವುದುಂಟು. ಅದರ ಐಡಿ ನೋಡಿ ಎರಡನೆಯದನ್ನು ಬಿಟ್ಟುಬಿಡದಿದ್ದರೆ, ರೂಮು ಕೇಳಿದ ಒಬ್ಬರೇ ಅತಿಥಿಗೆ ಎರಡು ಉತ್ತರ ಹೋಗುತ್ತದೆ.