ಗುಂಡಮ್ಮನ ಹಿಂದಿನ ಹಲ್ಲು

ಸಾಕುಪ್ರಾಣಿಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ನಿವೃತ್ತ ಪಶುವೈದ್ಯರ ಉತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ಮನೆಯ ಗಿನಿಪಿಗ್ ಗುಂಡಮ್ಮನಿಗೆ ಈಗ ಐದೂವರೆ ವರ್ಷ. ಮಗಳು ಆರನೆಯ ತರಗತಿಯಲ್ಲಿದ್ದಾಗ ಗೆಳತಿಯ ಮನೆಯಿಂದ ಶೂ ಡಬ್ಬಿಯಲ್ಲಿ ತಂದಿದ್ದಳು. ಮಗಳು ಪಿಯುಸಿಗೆಂದು ಹಾಸ್ಟೆಲ್ ಸೇರಿದ್ದಾಳೆ, ಗುಂಡಮ್ಮ ನನ್ನ ಪಾಲಿಗೆ ಉಳಿದಿದ್ದಾಳೆ. ಒಂದು ತಿಂಗಳಿಂದ ವಿಚಿತ್ರವಾಗಿ ಆಡುತ್ತಿದ್ದಾಳೆ. ಫ್ರಿಜ್ ಬಾಗಿಲಿನ ಸದ್ದು ಕೇಳಿದರೆ ಮೊದಲಿನಂತೆಯೇ ಕೀರಲು ದನಿಯಲ್ಲಿ ಕೂಗುತ್ತಾಳೆ, ಓಡಿ ಬರುತ್ತಾಳೆ, ಸೌತೆಕಾಯಿಯನ್ನು ಬಾಯಿಗೆ ತೆಗೆದುಕೊಳ್ಳುತ್ತಾಳೆ, ಸ್ವಲ್ಪ ಹೊತ್ತು ಬಾಯಿ ಆಡಿಸಿ ಕೆಳಗೆ ಬೀಳಿಸುತ್ತಾಳೆ. ಗದ್ದದ ಕೆಳಗಿನ ಕೂದಲು ಸದಾ ಒದ್ದೆ. ಹಿಕ್ಕೆ ಚಿಕ್ಕದಾಗಿದೆ. ಮುಂದಿನ ಹಲ್ಲು ಉದ್ದವಾಗಿತ್ತೆಂದು ಸಾಕುಪ್ರಾಣಿಗಳ ಅಂಗಡಿಯವರು ಉಗುರು ಕತ್ತರಿಸುವ ಕಟರ್‌ನಿಂದ ಕತ್ತರಿಸಿಕೊಟ್ಟರು. ಎರಡು ದಿನ ತಿಂದಳು, ಮತ್ತೆ ಅದೇ ಕಥೆ. ಎರಡು ವರ್ಷದ ಹಿಂದೆ 980 ಗ್ರಾಂ ಇದ್ದವಳು, ನಿನ್ನೆ ದಿನಸಿ ಅಂಗಡಿಯ ತಕ್ಕಡಿಯಲ್ಲಿ 710 ಗ್ರಾಂ ತೂಗಿದಳು. ಅವಳ ಊಟ ಪ್ಯಾಕೆಟ್ ಪೆಲೆಟ್ (ಗುಳಿಗೆಯಂಥ ಒಣ ಮೇವು), ಕ್ಯಾರೆಟ್, ನೆನೆಸಿದ ಕಡಲೆ, ಒಮ್ಮೊಮ್ಮೆ ಚಪಾತಿ. ವಯಸ್ಸಾಯಿತು, ಇನ್ನು ಇಷ್ಟೇ ಎಂದು ಮನೆಯವರು ಹೇಳುತ್ತಾರೆ. ನಿಜವೇ?
ಓದುಗರು, ದಾವಣಗೆರೆ

ಉತ್ತರ: ತಾಯಿ, ಇದು ಮುಂದಿನ ಸಂಚಿಕೆಯವರೆಗೆ ಕಾಯುವ ಪ್ರಶ್ನೆಯಲ್ಲ. ಹಾಗಾಗಿ ನಿಮ್ಮ ಪತ್ರ ಕೈಗೆ ಬಂದ ದಿನವೇ ಪತ್ರಿಕೆಯವರಿಂದ ನಿಮಗೆ ಫೋನ್ ಮಾಡಿಸಿದೆ. ಇಲ್ಲಿ ಬರೆಯುತ್ತಿರುವುದು ಇದೇ ಹಾದಿಯಲ್ಲಿರುವ ಉಳಿದವರಿಗಾಗಿ.

ಮೊದಲು ತೂಕದ ಮಾತು. 980 ರಿಂದ 710 ಎಂದರೆ ಮೈಯ ಕಾಲು ಭಾಗಕ್ಕಿಂತ ಹೆಚ್ಚು ಕರಗಿದೆ. ಅರವತ್ತು ಕಿಲೋ ಇರುವ ಹೆಂಗಸು ಹದಿನಾರು ಕಿಲೋ ಇಳಿದರೆ ಮನೆಯವರು ವಯಸ್ಸಾಯಿತು ಎಂದು ಸುಮ್ಮನಿರುತ್ತಾರೆಯೇ? ಇನ್ನೊಂದು ಸಂಗತಿ, ಗುಂಡಮ್ಮನಿಗೆ ಹಸಿವು ಸತ್ತಿಲ್ಲ. ಫ್ರಿಜ್ ಸದ್ದಿಗೆ ಕೂಗುತ್ತಿದ್ದಾಳೆ, ಓಡಿ ಬರುತ್ತಿದ್ದಾಳೆ. ತಿನ್ನಬೇಕೆಂಬ ಆಸೆ ಇದೆ, ತಿನ್ನಲು ಆಗುತ್ತಿಲ್ಲ. ಈ ಲಕ್ಷಣ ಕಂಡ ಕೂಡಲೇ ಬಾಯಿಯ ಒಳಗೆ ನೋಡಬೇಕು.

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ. ಶೂ ಡಬ್ಬಿಯಲ್ಲಿ ಬಂದ ಗಿನಿಪಿಗ್ ವಿಷಯದಲ್ಲಿ ಮಾತ್ರ ದಯವಿಟ್ಟು ಎಣಿಸಿ. ಒಟ್ಟು ಇಪ್ಪತ್ತು. ನಮ್ಮ ಕಣ್ಣಿಗೆ ಬೀಳುವುದು ಮುಂದಿನ ನಾಲ್ಕೇ. ಉಳಿದ ಹದಿನಾರು ಕೆನ್ನೆಯ ಒಳಗೆ, ಪ್ರತಿ ಸಾಲಿಗೆ ನಾಲ್ಕರಂತೆ ಅಡಗಿವೆ. ಈ ಇಪ್ಪತ್ತೂ ಹಲ್ಲುಗಳು ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಒರಟು ಹುಲ್ಲನ್ನು ದಿನಕ್ಕೆ ಹಲವು ಗಂಟೆ ಅರೆದರೆ ಬೆಳೆದಷ್ಟೂ ಸವೆಯುತ್ತದೆ, ಲೆಕ್ಕ ಸರಿಹೋಗುತ್ತದೆ. ನೆನೆಸಿದ ಕಡಲೆಯನ್ನೂ ಚಪಾತಿಯನ್ನೂ ಅರೆಯಲು ಎಷ್ಟು ಹೊತ್ತು ಬೇಕು? ಪೆಲೆಟ್ ಕೂಡ ಎರಡು ಕಡಿತಕ್ಕೆ ಪುಡಿಯಾಗುತ್ತದೆ. ಐದು ವರ್ಷ ಅರೆಯುವ ಕೆಲಸವೇ ಇಲ್ಲದ ಬೀಸುಕಲ್ಲಿನ ಸ್ಥಿತಿ ಅವಳ ದವಡೆಗೆ ಬಂದಿದೆ. ಎಲ್ಲ ತಪ್ಪೂ ನಿಮ್ಮದೇ ಎಂದಲ್ಲ. ಕೆಲವು ಗಿನಿಪಿಗ್‌ಗಳಿಗೆ ಹುಟ್ಟಿನಿಂದಲೇ ದವಡೆ ಸರಿಯಾಗಿ ಕೂಡುವುದಿಲ್ಲ. ಹುಲ್ಲು ತಿಂದೇ ಬೆಳೆದವುಗಳಿಗೂ ಮುಪ್ಪಿನಲ್ಲಿ ಇದು ಬರುವುದುಂಟು.

ಸವೆಯದ ಹಲ್ಲು ನೆಟ್ಟಗೆ ಮೇಲೆ ಬೆಳೆಯುವುದಿಲ್ಲ. ಕೆಳಗಿನ ಸಾಲು ನಾಲಗೆಯ ಕಡೆಗೆ ವಾಲುತ್ತದೆ, ಮೇಲಿನ ಸಾಲು ಕೆನ್ನೆಯ ಕಡೆಗೆ. ಕೆಳಗಿನ ಎರಡು ಬದಿಯ ಹಲ್ಲುಗಳು ಬೆಳೆದು ಬೆಳೆದು ನಾಲಗೆಯ ಮೇಲೆ ಕಮಾನಿನಂತೆ ಕೂಡಿಬಿಡುತ್ತವೆ. ಕಮಾನಿನ ಅಡಿಯಲ್ಲಿ ಸಿಕ್ಕಿಕೊಂಡ ನಾಲಗೆ ತುತ್ತನ್ನು ಹಿಂದಕ್ಕೆ ತಳ್ಳಲಾರದು. ಸೌತೆಕಾಯಿ ಕೆಳಗೆ ಬೀಳುವುದು, ಜೊಲ್ಲು ಗದ್ದಕ್ಕೆ ಇಳಿಯುವುದು ಅದಕ್ಕೇ. ಹಿಂದಿನ ಹಲ್ಲು ಅಡ್ಡ ಬಂದಾಗ ಬಾಯಿ ಸರಿಯಾಗಿ ಮುಚ್ಚುವುದಿಲ್ಲ, ಮುಂದಿನ ಹಲ್ಲುಗಳು ಒಂದಕ್ಕೊಂದು ಉಜ್ಜುವುದು ತಪ್ಪಿ ಅವೂ ಉದ್ದವಾಗುತ್ತವೆ. ಅಂಗಡಿಯವರು ಕತ್ತರಿಸಿದ್ದು ಅದನ್ನು. ರೋಗ ಹಿಂದೆ, ಕತ್ತರಿ ಮುಂದೆ. ಮೇಲಾಗಿ ಕಟರ್‌ನ ಒತ್ತಡಕ್ಕೆ ಹಲ್ಲು ಉದ್ದುದ್ದ ಸೀಳಿ ಒಸಡಿನ ತನಕ ಬಿರುಕು ಬಿಡಬಹುದು, ಕೀವು ತುಂಬಬಹುದು. ಇನ್ನು ಮುಂದೆ ಯಾರ ಕೈಗೂ ಕಟರ್ ಕೊಡಬೇಡಿ.

ಅಂಗಡಿಯವರನ್ನು ಬೈಯುವ ಯೋಗ್ಯತೆ ನನಗಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾಲ. ಸಂತೆಯಲ್ಲಿ ಎತ್ತಿನ ತುಟಿ ಎತ್ತಿ, ಎರಡು ಹಲ್ಲು, ನಾಲ್ಕು ಹಲ್ಲು ಎಂದು ವಯಸ್ಸು ಹೇಳುವುದರಲ್ಲಿ ನನಗೆ ದೊಡ್ಡ ಹೆಮ್ಮೆ. ಮೇಷ್ಟ್ರೊಬ್ಬರು ಬುಟ್ಟಿಯಲ್ಲಿ ಗಿನಿಪಿಗ್ ತಂದರು. ಅದರ ತುಟಿಯನ್ನೂ ಎತ್ತಿ ನೋಡಿದೆ. ಮುಂದಿನ ನಾಲ್ಕು ಹಲ್ಲು ಬೆಳ್ಳಗೆ ಚೆನ್ನಾಗಿಯೇ ಇದ್ದವು. ಬಾಯಿಯಲ್ಲಿ ಏನೂ ಇಲ್ಲ, ಅಜೀರ್ಣ ಎಂದು ಬಿ ಕಾಂಪ್ಲೆಕ್ಸ್ ಕೊಟ್ಟು ಕಳುಹಿಸಿದೆ. ಎಂಟನೆಯ ದಿನ ಅದೇ ಬುಟ್ಟಿಯಲ್ಲಿ ಸತ್ತದ್ದನ್ನು ತಂದರು. ಕುಯ್ದು ನೋಡಿದಾಗ ಕಮಾನು ಕಂಡಿತು, ಅದರ ಅಡಿಯಲ್ಲಿ ಹುಣ್ಣಾದ ನಾಲಗೆ. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಮೇಷ್ಟ್ರು ಕೇಳಿದರು, ನಾನು ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಆದ್ದರಿಂದ ನೀವು ಮೊದಲು ಮಾಡಬೇಕಾದದ್ದು ಫೋನ್. ವೈದ್ಯರಿಗೆ ನೇರವಾಗಿ ಕೇಳಿ: “ಗಿನಿಪಿಗ್‌ಗೆ ಅರಿವಳಿಕೆ ಕೊಟ್ಟು ಹಿಂದಿನ ಹಲ್ಲು ತೇಯುತ್ತೀರಾ?” ಇಲ್ಲ ಎಂದರೆ ಅವರ ಮೇಲೆ ಬೇಸರ ಬೇಡ, ಯಾರು ಮಾಡುತ್ತಾರೆಂದು ಅವರನ್ನೇ ಕೇಳಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ನಿಮಗೆ ಅದೇ ಹತ್ತಿರ. ಬೆಂಗಳೂರಿನ ಹೆಬ್ಬಾಳದಲ್ಲಿ ಇನ್ನೊಂದು. ಹೊರಡುವ ಮೊದಲು ಅಲ್ಲಿಗೂ ಫೋನ್ ಮಾಡಿ ವಿಚಾರಿಸಿ. ಪ್ರಯಾಣ ಬೆಳಗಿನ ತಂಪಿನಲ್ಲಿರಲಿ. 27 ಡಿಗ್ರಿ ದಾಟಿದರೆ ಇವುಗಳಿಗೆ ಸೆಖೆ ತಡೆಯದು, ಮುಚ್ಚಿದ ಕಾರಿನಲ್ಲಿ ಹತ್ತು ನಿಮಿಷವೂ ಬಿಡಬೇಡಿ.

ಗಿನಿಪಿಗ್ ಬಾಯಿ ಕಿರಿದು, ಕೆನ್ನೆಯ ಒಳಮಡಿಕೆಗಳು ಎರಡು ಕಡೆಯಿಂದಲೂ ಮುಚ್ಚಿಕೊಂಡಿರುತ್ತವೆ. ಎಚ್ಚರ ಇರುವಾಗ ಕಿವಿ ನೋಡುವ ದೀಪವಿಟ್ಟು ಇಣುಕಿದರೆ ಅರ್ಧವಷ್ಟೇ ಕಾಣುತ್ತದೆ. ಪೂರ್ತಿ ಕಾಣಬೇಕಾದರೆ ಅರಿವಳಿಕೆ ಬೇಕು, ಜೊತೆಗೆ ತಲೆಯ ಎಕ್ಸ್‌ರೇ. ಹಲ್ಲು ಮೇಲಕ್ಕೆ ಮಾತ್ರವಲ್ಲ, ಬುಡದ ಕಡೆಗೂ ಬೆಳೆದು ದವಡೆಯ ಮೂಳೆಯನ್ನೋ ಕಣ್ಣಿನ ಕೆಳಭಾಗವನ್ನೋ ಒತ್ತುತ್ತಿದೆಯೇ ಎಂದು ಎಕ್ಸ್‌ರೇ ಹೇಳುತ್ತದೆ. ಒಂದೇ ಕಣ್ಣಿನಲ್ಲಿ ನೀರು ಸುರಿಯುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಕಮಾನನ್ನು ಸಣ್ಣ ಯಂತ್ರದಿಂದ ತೇಯುತ್ತಾರೆ. ನಾಯಿಗೆ ಹೇಳುವಂತೆ ಹಿಂದಿನ ರಾತ್ರಿಯಿಂದ ಉಪವಾಸ ಇರಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಗಿನಿಪಿಗ್ ವಾಂತಿ ಮಾಡಲಾರದು. ಅದರ ಕರುಳು ನಿಂತರೆ ಮತ್ತೆ ಓಡಿಸುವುದು ಹಲ್ಲು ತೇಯುವುದಕ್ಕಿಂತ ಕಷ್ಟ.

ಮನೆಗೆ ಬಂದ ಮೇಲೆ ಅವಳು ತಕ್ಷಣ ಗಬಗಬನೆ ತಿನ್ನುತ್ತಾಳೆ ಎಂದುಕೊಳ್ಳಬೇಡಿ. ತಿಂಗಳುಗಟ್ಟಲೆ ವಾರೆಯಾಗಿ ಅರೆದ ದವಡೆಯ ಸ್ನಾಯು ಸೋತಿರುತ್ತದೆ, ಹುಣ್ಣಿನ ನೋವೂ ಇರುತ್ತದೆ. ನೋವಿಗೆ ವೈದ್ಯರು ಸಾಮಾನ್ಯವಾಗಿ ಮೆಲಾಕ್ಸಿಕಾಮ್ ಕೊಡುತ್ತಾರೆ, ಪ್ರಮಾಣ ಅವರು ಹೇಳಿದಷ್ಟೇ. ಹಲ್ಲು ತೇಯಿಸುವವರೆಗೂ, ಆಮೇಲೂ ಕೈಯಾರೆ ತಿನ್ನಿಸುವ ಕೆಲಸ ನಿಮ್ಮದು. ಪೆಲೆಟ್ ಅನ್ನು ಬಿಸಿನೀರಿನಲ್ಲಿ ನೆನೆಸಿ, ಮಜ್ಜಿಗೆ ಹುಳಿಯಷ್ಟು ಗಟ್ಟಿಯಾಗಿ ಕಿವುಚಿ ಸೋಸಿ, ಉಗುರುಬೆಚ್ಚಗೆ ಆರಿಸಿ. ಸೂಜಿ ತೆಗೆದ 1 ಮಿಲಿಲೀಟರ್ ಸಿರಿಂಜ್ ಸಾಕು. ಅವಳನ್ನು ಅಂಗಾತ ಮಲಗಿಸಬೇಡಿ. ಟವೆಲ್‌ನಲ್ಲಿ ಸುತ್ತಿ ಮಡಿಲಲ್ಲಿ ಕುಳ್ಳಿರಿಸಿಕೊಂಡು, ಮುಂದಿನ ಹಲ್ಲಿನ ಹಿಂದೆ ಇರುವ ಖಾಲಿ ಜಾಗಕ್ಕೆ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಬಿಡಿ. ನುಂಗಿದ ಮೇಲೆಯೇ ಮುಂದಿನ ಗುಟುಕು. ಅವಳ ತೂಕಕ್ಕೆ ದಿನವೊಂದಕ್ಕೆ 40 ರಿಂದ 50 ಮಿಲಿಲೀಟರ್ ಬೇಕು, ಅದನ್ನು ಐದಾರು ಸಲಕ್ಕೆ ಹಂಚಿ. ರಾತ್ರಿ ಮಲಗುವ ಮುನ್ನ ಒಂದು ಸಲ ತಪ್ಪಿಸಬೇಡಿ. ಹಾಲು, ರಾಗಿ ಗಂಜಿ, ಮಕ್ಕಳ ಸಿಹಿ ಹಿಟ್ಟು ಇವು ಯಾವುವೂ ಬೇಡ. ಪ್ರೀತಿಯಿಂದ ಕೊಟ್ಟ ಗಂಜಿ ಕರುಳಿನಲ್ಲಿ ಹುಳಿಯುವುದನ್ನು ನಾನು ಬಹಳ ನೋಡಿದ್ದೇನೆ.

ಈ ಪ್ರಾಣಿಗೂ ನಮಗೂ ಒಂದು ಕೊರತೆ ಸಮಾನ. ಹಸು, ನಾಯಿಗಳು ಸಿ ಜೀವಸತ್ವವನ್ನು ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೂ ಗಿನಿಪಿಗ್‌ಗೂ ಅದು ಆಗದು. ಕೊರತೆಯಾದರೆ ಒಸಡು ಸಡಿಲವಾಗಿ ಹಲ್ಲು ಅಲುಗಾಡುತ್ತದೆ. ಪ್ಯಾಕೆಟ್ ಒಡೆದು ತಿಂಗಳುಗಟ್ಟಲೆ ಇಟ್ಟ ಪೆಲೆಟ್‌ನಲ್ಲಿ ಈ ಜೀವಸತ್ವ ಉಳಿದಿರುವುದಿಲ್ಲ. ದಿನಕ್ಕೆ ಒಂದೆರಡು ತೆಳು ಹೋಳು ದೊಣ್ಣೆಮೆಣಸಿನಕಾಯಿ, ವಾರಕ್ಕೆ ಒಂದೆರಡು ಸಲ ಬೀಜ ತೆಗೆದ ಸೀಬೆಕಾಯಿಯ ಚೂರು ಕೊಡಿ. ಅಗಿಯಲಾಗದಿದ್ದರೆ ತುರಿದು ಕೊಡಿ. ಕುಡಿಯುವ ನೀರಿಗೆ ಸಿ ಜೀವಸತ್ವದ ಹನಿ ಬೆರೆಸುವುದು ದಂಡ. ಬೆಳಕಿಗೆ ಅದು ಹಾಳಾಗುತ್ತದೆ, ರುಚಿ ಕೆಟ್ಟಿತೆಂದು ಅವಳು ನೀರನ್ನೇ ಬಿಡಬಹುದು.

ಕೊನೆಗೆ ಹುಲ್ಲು. ಇವುಗಳ ಊಟದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಹುಲ್ಲೇ ಇರಬೇಕು. ಪ್ಯಾಕೆಟ್‌ನ ಒಣಹುಲ್ಲು ದುಬಾರಿ ಎನ್ನುವವರಿಗೆ ಗರಿಕೆ ಇದೆ. ಗಣಪತಿಗೆ ಏರಿಸುವುದೂ ಅದನ್ನೇ, ಅವನ ವಾಹನದ ದೂರದ ನೆಂಟಳಾದ ಗುಂಡಮ್ಮನಿಗೂ ಅದೇ ಆಗಲಿ. ಬೀದಿ ಬದಿಯದು ಬೇಡ, ನಾಯಿಗಳು ಕಾಲೆತ್ತಿರುತ್ತವೆ. ಔಷಧ ಸಿಂಪಡಿಸಿದ ಹೊಲದ್ದೂ ಬೇಡ. ಚೆನ್ನಾಗಿ ತೊಳೆದು, ನೀರು ಆರಿಸಿ, ಮೊದಲ ಎರಡು ವಾರ ಸಣ್ಣಗೆ ಕತ್ತರಿಸಿ ಕೊಡಿ. ಕುದುರೆಮಸಾಲೆ ಎಂಬ ಮೇವಿನ ಸೊಪ್ಪು ಸುಲಭವಾಗಿ ಸಿಗುತ್ತದೆಂದು ದಿನವೂ ಹಾಕಬೇಡಿ. ಅದರಲ್ಲಿ ಸುಣ್ಣದ ಅಂಶ ಹೆಚ್ಚು, ವಯಸ್ಸಾದ ಗಿನಿಪಿಗ್‌ಗೆ ಮೂತ್ರಕೋಶದಲ್ಲಿ ಕಲ್ಲು ಕಟ್ಟಬಹುದು. ಕಡಲೆ, ಚಪಾತಿ ಇವತ್ತಿನಿಂದಲೇ ಬಂದ್.

ಒಂದು ಅಡುಗೆಮನೆ ತಕ್ಕಡಿ ಕೊಳ್ಳಿ. ಪ್ರತಿ ಭಾನುವಾರ, ಒಂದೇ ಹೊತ್ತಿಗೆ, ಅದೇ ಡಬ್ಬಿಯಲ್ಲಿ ಕುಳ್ಳಿರಿಸಿ ತೂಗಿ ಕ್ಯಾಲೆಂಡರ್ ಮೇಲೆ ಬರೆಯಿರಿ. ಒಂದು ವಾರಕ್ಕೆ 50 ಗ್ರಾಂ ಇಳಿದರೆ ವೈದ್ಯರಿಗೆ ಫೋನ್ ಮಾಡಿ. ಅರ್ಧ ದಿನ ಏನೂ ತಿನ್ನದಿದ್ದರೆ ಭಾನುವಾರಕ್ಕೆ ಕಾಯಬೇಡಿ, ಅಂದೇ ಹೊರಡಿ.

ಪ್ರಶ್ನೆ: ನನ್ನ ಗಿನಿಪಿಗ್‌ಗಳಿಗೆ ನಾಲ್ಕು ವರ್ಷ. ಹಲ್ಲು ಸವೆಯಲೆಂದು ಮರದ ತುಂಡು, ಅಂಗಡಿಯಲ್ಲಿ ಸಿಗುವ ಬಿಳಿ ಕಲ್ಲು ಇಟ್ಟಿದ್ದೇನೆ. ಸಾಕೇ?
ವಿದ್ಯಾರ್ಥಿ, ಮಂಗಳೂರು

ಉತ್ತರ: ಸಾಲದು ತಮ್ಮಾ. ಮರವನ್ನು ಕಡಿಯುವುದು ಮುಂದಿನ ಹಲ್ಲು, ಹಿಂದಿನ ಹದಿನಾರಕ್ಕೆ ಅದು ತಾಗುವುದೂ ಇಲ್ಲ. ಬಿಳಿ ಕಲ್ಲನ್ನು ಎಸೆದುಬಿಡು. ಆ ಹಣಕ್ಕೆ ಹುಲ್ಲು ಕೊಂಡುಕೋ.

ಪ್ರಶ್ನೆ: ಗಿನಿಪಿಗ್ ದವಡೆಯ ಕೆಳಗೆ ಗಂಟು ಬಂದಿದೆ, ತಿನ್ನುತ್ತಿಲ್ಲ. ಮಗುವಿಗೆ ತಂದಿದ್ದ ಅಮಾಕ್ಸಿಸಿಲಿನ್ ಸಿರಪ್ ಮನೆಯಲ್ಲಿ ಉಳಿದಿದೆ. ಎಷ್ಟು ಹನಿ ಹಾಕಬೇಕು?
ಓದುಗರು, ಹಾಸನ

ಉತ್ತರ: ಒಂದು ಹನಿಯೂ ಬೇಡ. ಮಗುವಿಗೆ ಜೀವ ಉಳಿಸುವ ಈ ಔಷಧ ಗಿನಿಪಿಗ್‌ಗೆ ವಿಷ. ಅದರ ಕರುಳಿನಲ್ಲಿ ಹುಲ್ಲನ್ನು ಕರಗಿಸುವ ಒಳ್ಳೆಯ ಸೂಕ್ಷ್ಮಾಣುಗಳಿರುತ್ತವೆ. ಪೆನಿಸಿಲಿನ್ ಜಾತಿಯ ಔಷಧವನ್ನು ಬಾಯಿಗೆ ಹಾಕಿದರೆ ಅವು ಸಾಯುತ್ತವೆ, ಆ ಜಾಗದಲ್ಲಿ ವಿಷ ಉಗುಳುವ ಕೆಟ್ಟವು ಹೆಚ್ಚುತ್ತವೆ. ಭೇದಿ ಶುರುವಾಗಿ ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತದೆ. ಕ್ಲಿಂಡಾಮೈಸಿನ್, ಎರಿಥ್ರೋಮೈಸಿನ್ ಕೂಡ ಅಪಾಯವೇ. ಗಿನಿಪಿಗ್ ತಡೆದುಕೊಳ್ಳುವ ಬೇರೆ ಔಷಧಗಳಿವೆ, ವೈದ್ಯರು ಆರಿಸುತ್ತಾರೆ. ಆ ಗಂಟು ಹಲ್ಲಿನ ಬುಡದ ಕೀವು ಇರಬಹುದು. ಇವುಗಳ ಕೀವು ಮೊಸರಿನಂತೆ ಗಟ್ಟಿ, ಹಿಸುಕಿದರೆ ಬರುವುದಿಲ್ಲ. ಹಿಸುಕಲೂ ಬೇಡಿ. ನಾಳೆ ಬೆಳಿಗ್ಗೆಯೇ ತೋರಿಸಿ.

ಪ್ರಶ್ನೆ: ನಮ್ಮ ಗಿನಿಪಿಗ್‌ಗೆ ಆರೂವರೆ ವರ್ಷ. ಆರು ವಾರಕ್ಕೊಮ್ಮೆ ಅರಿವಳಿಕೆ ಕೊಟ್ಟು ಹಲ್ಲು ತೇಯಿಸುತ್ತಿದ್ದೇವೆ. ಈಗಾಗಲೇ ಮೂರು ಸಲ ಆಗಿದೆ. ನಾಲ್ಕನೆಯ ಸಲ ಬೇಡ, ಸಾಕು ಮಾಡೋಣ ಎನ್ನುತ್ತಾಳೆ ನನ್ನ ಹೆಂಡತಿ. ನನಗೆ ಮನಸ್ಸು ಬರುತ್ತಿಲ್ಲ. ಯಾರು ಸರಿ?
ನಿವೃತ್ತ ನೌಕರರು, ಧಾರವಾಡ

ಉತ್ತರ: ಸ್ವಾಮಿ, ಗಂಡ ಹೆಂಡತಿಯ ನಡುವೆ ತೀರ್ಪು ಕೊಡುವ ಧೈರ್ಯ ನನಗಿಲ್ಲ. ಇವುಗಳ ಆಯಸ್ಸು ಸಾಮಾನ್ಯವಾಗಿ ಐದರಿಂದ ಏಳು ವರ್ಷ, ನೀವು ಚೆನ್ನಾಗಿಯೇ ನೋಡಿಕೊಂಡಿದ್ದೀರಿ. ಮುಪ್ಪಿನಲ್ಲಿ ಹಲ್ಲು ಒಮ್ಮೆ ಹಳಿ ತಪ್ಪಿದರೆ ತೇಯುವುದು ಬಹಳ ಸಲ ಕೊನೆಯ ತನಕ ನಡೆಯುವ ಕೆಲಸ. ಅದೇನೂ ನಿಮ್ಮ ವೈದ್ಯರ ಸೋಲಲ್ಲ. ನೀವು ಅವರನ್ನು ಕೇಳಬೇಕಾದದ್ದು ಎರಡು. ಹಲ್ಲಿನ ಬುಡ ದವಡೆಯ ಮೂಳೆಗೆ ನುಗ್ಗಿದೆಯೇ? ನುಗ್ಗಿದ್ದರೆ ಮೇಲೆ ಎಷ್ಟು ತೇದರೂ ನೋವು ಹೋಗುವುದಿಲ್ಲ. ಎರಡನೆಯದು, ಒಂದು ಸಲ ತೇದ ಮೇಲೆ ತಾನಾಗಿಯೇ ಹುಲ್ಲು ತಿನ್ನುವ ದಿನಗಳು ಸಲದಿಂದ ಸಲಕ್ಕೆ ಕಡಿಮೆಯಾಗುತ್ತಿವೆಯೇ? ಇದಕ್ಕೆ ಉತ್ತರ ನಿಮ್ಮಲ್ಲೇ ಇದೆ, ಆದರೆ ನೆನಪನ್ನು ನಂಬಬೇಡಿ, ಪ್ರೀತಿಸುವವರ ನೆನಪು ಒಳ್ಳೆಯ ದಿನಗಳನ್ನೇ ಎಣಿಸುತ್ತದೆ.

ಆರು ವಾರದಲ್ಲಿ ನಾಲ್ಕು ವಾರ ನೆಮ್ಮದಿಯಾಗಿ ತಿಂದು, ಮೂಲೆಯಿಂದ ಮೂಲೆಗೆ ಓಡಾಡಿಕೊಂಡಿದ್ದರೆ ನಾನಾಗಿದ್ದರೆ ನಾಲ್ಕನೆಯ ಸಲಕ್ಕೂ ಕರೆದೊಯ್ಯುತ್ತಿದ್ದೆ. ಆರರಲ್ಲಿ ಐದು ವಾರ ಸಿರಿಂಜ್ ಊಟ, ಮೂಲೆಯಲ್ಲಿ ಬೆನ್ನು ಗೂನು ಮಾಡಿ ಕೂದಲು ನಿಮಿರಿಸಿ ಕೂತಿರುವುದೇ ಆದರೆ, ನೋವಿಲ್ಲದೆ ಕೊನೆಗೊಳಿಸುವ ಇಂಜೆಕ್ಷನ್ ಬಗ್ಗೆ ವೈದ್ಯರೊಂದಿಗೆ ಮಾತನಾಡಿ. ಏನೂ ಮಾಡದೆ, ತಾನಾಗಿ ಹೋಗಲಿ ಎಂದು ಬಿಡುವುದು ಮಾತ್ರ ಬೇಡ. ಹಲ್ಲಿನ ರೋಗದಲ್ಲಿ ತಾನಾಗಿ ಹೋಗುವುದು ಎಂದರೆ ಹಸಿವಿನಿಂದ ಸಾಯುವುದು.

ಇವತ್ತಿನಿಂದ ಎರಡು ವಾರ ನೀವೊಂದು, ನಿಮ್ಮ ಮನೆಯವರೊಂದು ಪಟ್ಟಿ ಬರೆಯಿರಿ. ಇವತ್ತು ತಾನಾಗಿ ತಿಂದಿತೇ, ಓಡಾಡಿತೇ, ಎಷ್ಟು ತೂಗಿತು, ಇಷ್ಟೇ. ಒಬ್ಬರದನ್ನು ಇನ್ನೊಬ್ಬರು ನೋಡಬಾರದು. ಎರಡನ್ನೂ ನಿಮ್ಮ ವೈದ್ಯರ ಮುಂದಿಡಿ, ಒಂದು ಪ್ರತಿಯನ್ನು ನನಗೂ ಕಳುಹಿಸಿ.