ಡೆಂಗ್ಯೂ ವಾಸಿಯಾಗಿ 3 ತಿಂಗಳಾಯ್ತು, ಈಗ ಕೂದಲು ವಿಪರೀತ ಉದುರುತ್ತಿದೆ. ಯಾರಿಗೆ ತೋರಿಸಲಿ?

ಎಣ್ಣೆ, ಶಾಂಪೂ ಬದಲಿಸಿ ಸುಮ್ನೆ ದುಡ್ಡು ಹಾಳು ಮಾಡಬೇಡಿ. ಜೋರು ಜ್ವರ, ಹೆರಿಗೆ, ಆಪರೇಷನ್ ಆದಾಗ ಬಹಳಷ್ಟು ಕೂದಲು ಒಟ್ಟಿಗೆ ಬೆಳವಣಿಗೆ ನಿಲ್ಲಿಸುತ್ತವೆ. ಆದರೆ ಉದುರುವುದು 2–3 ತಿಂಗಳ ನಂತರ. ಅಷ್ಟರಲ್ಲಿ ಜ್ವರ ಮರೆತಿರುತ್ತದೆ, ಬೈಗುಳವೆಲ್ಲ ಬೋರ್‌ವೆಲ್ ನೀರಿಗೆ! ಡಾಕ್ಟರುಗಳು ಇದನ್ನು ಟೆಲೋಜೆನ್ ಎಫ್ಲುವಿಯಂ ಅನ್ನುತ್ತಾರೆ. ಬಾಚಣಿಗೆಗೆ ಸಿಕ್ಕ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗುಂಡು ಇರುತ್ತದೆ. ಬೇರೇ ಕಿತ್ತು ಬಂತು ಅಂತ ಹೆದರಬೇಡಿ, ಹೊಸ ಕೂದಲು ಹುಟ್ಟುವ ಜಾಗ ಒಳಗೇ ಇದೆ. ಸಾಮಾನ್ಯವಾಗಿ 6 ತಿಂಗಳೊಳಗೆ ತಾನಾಗಿ ಕಡಿಮೆಯಾಗುತ್ತದೆ.

ತೋರಿಸುವುದಾದರೆ ಚರ್ಮರೋಗ ತಜ್ಞರಿಗೇ ತೋರಿಸಿ. ಬೋರ್ಡಿನಲ್ಲಿ ಟ್ರೈಕಾಲಜಿಸ್ಟ್ (ಕೂದಲಿನ ತಜ್ಞ) ಅಂತ ಹಾಕಿಕೊಂಡವರೆಲ್ಲ ಡಾಕ್ಟರ್ ಆಗಿರಬೇಕೆಂದಿಲ್ಲ. ಡಿಗ್ರಿ ಕೇಳಿ, ಸಂಕೋಚ ಬೇಡ. ತಜ್ಞರು ಒಂದಷ್ಟು ಕೂದಲನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡುತ್ತಾರೆ, ಡರ್ಮೋಸ್ಕೋಪ್ ಅನ್ನೋ ಭೂತಗನ್ನಡಿಯಂಥ ಉಪಕರಣ ಇಟ್ಟು ನೆತ್ತಿ ಪರೀಕ್ಷಿಸುತ್ತಾರೆ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಅಂತ ತೋರಿಸುವುದು), ಥೈರಾಯ್ಡ್ ಟೆಸ್ಟ್ ಬರೆದುಕೊಡಬಹುದು. ಇದ್ಯಾವುದೂ ಇಲ್ಲದೆ ಮೊದಲ ದಿನವೇ ಪಿಆರ್‌ಪಿ (ನಮ್ಮದೇ ರಕ್ತದಿಂದ ತಯಾರಿಸಿ ನೆತ್ತಿಗೆ ಕೊಡುವ ಇಂಜೆಕ್ಷನ್) ಪ್ಯಾಕೇಜ್ ಮುಂದಿಟ್ಟರೆ ಎದ್ದು ಬನ್ನಿ. ಅಲ್ಲಲ್ಲಿ ದುಂಡಗೆ ಬೋಳಾದರೆ, ನೆತ್ತಿ ಉರಿದರೆ, ಕೀವು ಬಂದರೆ ಮಾತ್ರ ಕಾಯಬೇಡಿ, ಬೇಗ ತೋರಿಸಿ.